ಕೆಳಗೆ ನಾವು, ಮೇಲೆ ಬಾಡಿಗೆಯವರು: ಹೊಸ ಮಾಲೀಕರ ಮುಂದಿರುವ ದಾರಿಗಳು

ಅಪ್ಪ ತೀರಿಕೊಂಡ ತಿಂಗಳಲ್ಲೇ ಮೂರು ಬಾಡಿಗೆ ಕರಾರು, ಕಂದಾಯದ ರಸೀದಿಗಳ ಫೈಲು ಮತ್ತು ಬೀಗದಕೈಗಳ ಒಂದು ಗೊಂಚಲು ನನ್ನ ಕೈ ಸೇರಿದವು. ಬೆಂಗಳೂರಿನ ಬನಶಂಕರಿ ಕಡೆ 30-40ರ ಸೈಟಿನಲ್ಲಿ ಕಟ್ಟಿದ ಮನೆ. ನೆಲ ಅಂತಸ್ತಿನಲ್ಲಿ ಅಮ್ಮ, ನಾನು, ನಮ್ಮ ಯಜಮಾನರು. ಮೊದಲ ಮಹಡಿಯಲ್ಲಿ ಒಂದು ಸಂಸಾರ, ಎರಡನೆಯದರಲ್ಲಿ ಎರಡು ಚಿಕ್ಕ ಮನೆಗಳು. ಗೇಟು ಒಂದೇ, ಮೆಟ್ಟಿಲು ಒಂದೇ, ಸಂಪು ಒಂದೇ. ಬೇರೆ ಊರಿನಲ್ಲಿರುವ ಮಾಲೀಕರಿಗೆ ಬಾಡಿಗೆದಾರರೆಂದರೆ ತಿಂಗಳಿಗೊಮ್ಮೆ ಮೊಬೈಲಿಗೆ ಬರುವ ಬ್ಯಾಂಕಿನ ಸಂದೇಶ. ನಮಗೆ ಹಾಗಲ್ಲ. ಬೆಳಿಗ್ಗೆ ಹಾಲು ತರಲು ಹೊರಟಾಗ ಎದುರಾಗುವ ಮುಖ ಅದು, ರಾತ್ರಿ ಹನ್ನೊಂದಕ್ಕೆ ತೆರೆಯುವ ಗೇಟಿನ ಸದ್ದು ಅದು, ಯುಗಾದಿಯ ದಿನ ಬಾಗಿಲಿಗೆ ಬರುವ ಒಬ್ಬಟ್ಟಿನ ತಟ್ಟೆಯೂ ಅದೇ.

ಬಾಡಿಗೆಯ ವಿಚಾರದಲ್ಲಿ ಪ್ರತಿಯೊಂದು ತೊಡಕಿಗೂ ಎರಡು ಮೂರು ದಾರಿಗಳಿರುತ್ತವೆ. ದೂರದಲ್ಲಿರುವವರಿಗೆ ಸರಿಹೋಗುವ ದಾರಿ ಒಂದೇ ಸೂರಿನಡಿ ಇರುವವರಿಗೆ ಹೊಂದುವುದಿಲ್ಲ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವಾಗ ನಾನು ನನ್ನನ್ನೇ ಕೇಳಿಕೊಳ್ಳುವುದು ಒಂದು ಪ್ರಶ್ನೆ: ನಾಳೆ ಬೆಳಿಗ್ಗೆ ಮೆಟ್ಟಿಲಲ್ಲಿ ಎದುರಾದರೆ ನಾವಿಬ್ಬರೂ ಮುಖ ತಿರುಗಿಸದೆ ಹೋಗಬಲ್ಲೆವೇ? ಈ ಕೆಲವು ವರ್ಷಗಳಲ್ಲಿ ನಾನು ಮಾಡಿ ನೋಡಿದ್ದನ್ನೂ ಕಾನೂನು ಹೇಳುವುದನ್ನೂ ಅಕ್ಕಪಕ್ಕದಲ್ಲಿಟ್ಟು ಬರೆಯುತ್ತಿದ್ದೇನೆ.

ಬಾಡಿಗೆಯೋ, ಭೋಗ್ಯವೋ?

ನಮ್ಮ ಬೀದಿಯಲ್ಲಿ ಅರ್ಧದಷ್ಟು ಮನೆಗಳು ಭೋಗ್ಯಕ್ಕಿವೆ. ಒಂದೇ ಗಂಟಿಗೆ ಹಣ ಬರುತ್ತದೆ, ಅವಧಿ ಮುಗಿದಾಗ ಅಷ್ಟನ್ನೂ ಹಿಂದಿರುಗಿಸಬೇಕು, ನಡುವೆ ತಿಂಗಳು ತಿಂಗಳು ಬಾಡಿಗೆ ಕೇಳುವ ಕಷ್ಟವಿಲ್ಲ. ಕೆಳಗೆ ವಾಸಿಸುವವರಿಗೆ ಇದು ದೊಡ್ಡ ಆಕರ್ಷಣೆ. ಆದರೆ ಲೆಕ್ಕ ಹಾಕಿ ನೋಡಿ. 18,000 ರೂಪಾಯಿ ಬಾಡಿಗೆ ಬರುವ ಮನೆಯನ್ನು 15 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿರಿ ಎನ್ನೋಣ. ಆ ಹಣವನ್ನು ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ ಬರುವುದು 1,05,000. ಬಾಡಿಗೆಯಾದರೆ 2,16,000. ಶೇ 9ರ ಗೃಹಸಾಲ ತೀರಿಸಲು ಬಳಸಿದರೂ ಉಳಿಯುವುದು 1,35,000. ಕೈಸಾಲವನ್ನೋ ಶೇ 18ರ ಬಡ್ಡಿಯ ಸಾಲವನ್ನೋ ತೀರಿಸುವುದಿದ್ದರೆ ಮಾತ್ರ ಭೋಗ್ಯದ ಕಡೆ ತಕ್ಕಡಿ ವಾಲುತ್ತದೆ.

ಲೆಕ್ಕಕ್ಕಿಂತ ದೊಡ್ಡ ತೊಡಕು ಹಣ ಹಿಂದಿರುಗಿಸುವ ದಿನದ್ದು. ಭೋಗ್ಯದ ಹಣವನ್ನು ಮೇಲಿನ ಮಹಡಿ ಕಟ್ಟಲು ಸುರಿದವರು, ಅವಧಿ ಮುಗಿದಾಗ ಇನ್ನೊಬ್ಬ ಭೋಗ್ಯದವರು ಸಿಗುವವರೆಗೆ ಹಣ ಕೊಡಲಾಗದೆ ಕಷ್ಟಪಡುವುದನ್ನು ನಾನೇ ನೋಡಿದ್ದೇನೆ. ಅಷ್ಟು ದಿನವೂ ಇಬ್ಬರೂ ಒಂದೇ ಗೇಟಿನಲ್ಲಿ ಓಡಾಡಬೇಕು. ಇನ್ನೊಂದು ಮಾತು: ಎರಡು ಮೂರು ವರ್ಷದ ಭೋಗ್ಯಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬಹಳ ಜನ ಮಾಡಿಸುವುದಿಲ್ಲ. ಜಗಳವಾದಾಗ ಅದು ಇಬ್ಬರಿಗೂ ಕುತ್ತು ತರುತ್ತದೆ. ಬಾಡಿಗೆ ಕರಾರು 11 ತಿಂಗಳಿಗೆ ಏಕೆ ಎಂದು ಕೇಳುವವರಿಗೂ ಉತ್ತರ ಇಲ್ಲಿಯೇ ಇದೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ.

ನಾನು ಆರಿಸಿಕೊಂಡದ್ದು ಬಾಡಿಗೆ. ಅಡ್ವಾನ್ಸಿನ ವಿಷಯದಲ್ಲಿ ಬೆಂಗಳೂರಿನ ಹಳೆಯ ರೂಢಿ ಹತ್ತು ತಿಂಗಳದ್ದು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಷ್ಟೇ ಸಾಕು ಎನ್ನುತ್ತದೆ. ಅದು ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಜಾರಿಗೆ ಬರುವ ಮಾದರಿ. ನಾನು ನಾಲ್ಕು ತಿಂಗಳಿಗೆ ನಿಂತಿದ್ದೇನೆ. ಎರಡಾದರೆ ಬಾಡಿಗೆ ನಿಂತುಹೋದಾಗ ನಮಗೆ ಉಸಿರಾಡಲು ಸಮಯ ಸಿಗುವುದಿಲ್ಲ. ಹತ್ತಾದರೆ ಹೊಸದಾಗಿ ಕೆಲಸಕ್ಕೆ ಸೇರಿದ ಒಳ್ಳೆಯ ಹುಡುಗ ಹುಡುಗಿಯರು ಗೇಟಿನಿಂದಲೇ ಹಿಂದಿರುಗುತ್ತಾರೆ. ಎಷ್ಟೇ ಪಡೆದರೂ ಆ ಹಣ ನಮ್ಮದಲ್ಲ. ಬಂದ ದಿನವೇ ಬೇರೆ ಠೇವಣಿಯಾಗಿ ಇಟ್ಟುಬಿಡಿ.

ಯಾರಿಗೆ ಕೊಡುವುದು?

ಬೋರ್ಡು ತೂಗುಹಾಕಿದ ಮೇಲೆ ಬರುವವರಿಗೆ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ 'ಫ್ಯಾಮಿಲಿಯೋ, ಬ್ಯಾಚುಲರೋ?' ಎಂಬುದು, ಎರಡನೆಯದು ಊಟದ ಬಗ್ಗೆ, ಮೂರನೆಯದು ಸುತ್ತಿ ಬಳಸಿ ಜಾತಿಯ ಬಗ್ಗೆ. ಅಪ್ಪನೂ ಕೇಳುತ್ತಿದ್ದರು. ನಾನು ಬಿಟ್ಟಿದ್ದೇನೆ. ಅದು ಎದುರಿಗೆ ನಿಂತವರನ್ನು ನೋಯಿಸುತ್ತದೆ, ಮನೆಯ ಬಗ್ಗೆ ಏನನ್ನೂ ತಿಳಿಸುವುದೂ ಇಲ್ಲ. ನಮ್ಮಲ್ಲಿ ಅತಿ ಹೆಚ್ಚು ಕಷ್ಟ ಕೊಟ್ಟವರು ಸಂಸಾರಸ್ಥರೇ. ಎರಡನೆಯ ಮಹಡಿಯ ಮೂವರು ನರ್ಸಿಂಗ್ ಹುಡುಗಿಯರು ಒಂದು ತಿಂಗಳೂ ಬಾಡಿಗೆ ತಡ ಮಾಡಿದವರಲ್ಲ.

ನಾನು ಕೇಳುವುದು ಬೇರೆ. ಎಷ್ಟು ಜನ ಇರುತ್ತೀರಿ, ಎಷ್ಟು ಗಾಡಿಗಳಿವೆ, ರಾತ್ರಿ ಪಾಳಿ ಇದೆಯೇ, ವಾಷಿಂಗ್ ಮೆಷಿನ್ ಇದೆಯೇ, ಹಿಂದಿನ ಮನೆ ಏಕೆ ಬಿಡುತ್ತಿದ್ದೀರಿ? ಗಾಡಿಯ ಪ್ರಶ್ನೆಯನ್ನು ಮರೆಯಬೇಡಿ. ನಮ್ಮ ಗೇಟಿನೊಳಗೆ ನಾಲ್ಕು ದ್ವಿಚಕ್ರ ವಾಹನಗಳಿಗಷ್ಟೇ ಜಾಗ. ಐದನೆಯದು ಬಂದ ದಿನದಿಂದ ಜಗಳ ಶುರು. ಗುರುತಿನ ದಾಖಲೆಗೆ ಆಧಾರ್ ಕೇಳುವುದಾದರೆ ಸಂಖ್ಯೆಯ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯೇ ಸಾಕು. ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡುವುದು ಒಳ್ಳೆಯದು. ಆದರೆ ಹಾಗೆ ಕೊಡುತ್ತೇವೆಂದು ಅವರಿಗೆ ಮೊದಲೇ ತಿಳಿಸಿ.

ನೀರು: ಒಳಗೊಂಡದ್ದೋ, ಸಮಪಾಲೋ, ತಲೆಲೆಕ್ಕವೋ, ಮೀಟರೋ?

ಒಂದೇ ಕಟ್ಟಡದಲ್ಲಿರುವ ಮಾಲೀಕರಿಗೂ ಬಾಡಿಗೆದಾರರಿಗೂ ನಡುವಿನ ಜಗಳಗಳಲ್ಲಿ ಮುಕ್ಕಾಲು ಪಾಲು ನೀರಿನವು. ಕಾವೇರಿ ನೀರು ದಿನ ಬಿಟ್ಟು ದಿನ ಸಂಪಿಗೆ ಬೀಳುತ್ತದೆ. ಅಲ್ಲಿಂದ ಮೋಟರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಟ್ಯಾಂಕು ಖಾಲಿಯಾದರೆ 'ಆಂಟಿ, ನೀರು ಬರುತ್ತಿಲ್ಲ' ಎಂದು ಮೇಲಿನಿಂದ ಕೂಗು. ಯಾರು ಎಷ್ಟು ಬಳಸಿದರು ಎಂಬುದು ಯಾರಿಗೂ ಗೊತ್ತಿಲ್ಲ.

ಅಪ್ಪನ ಕಾಲದಲ್ಲಿ ನೀರು ಬಾಡಿಗೆಯಲ್ಲೇ ಸೇರಿತ್ತು. ಮಳೆಗಾಲವಿಡೀ ಇದಕ್ಕಿಂತ ಸುಖದ ವ್ಯವಸ್ಥೆ ಇಲ್ಲ, ಲೆಕ್ಕವೇ ಬೇಡ. ಟ್ಯಾಂಕರ್ ತರಿಸುವ ಬೇಸಿಗೆಯಲ್ಲಿ ಮಾತ್ರ ಪೂರ್ತಿ ಹೊರೆ ನಮ್ಮ ಮೇಲೆ. ಜೊತೆಗೆ ಮೇಲೆ ನಲ್ಲಿ ಸೋರುವ ಪ್ರತಿ ಸದ್ದಿಗೂ ಹೊಟ್ಟೆ ಉರಿಯುತ್ತದೆ. ಆ ಉರಿ ನೆರೆಹೊರೆಯ ಸಂಬಂಧಕ್ಕೆ ಒಳ್ಳೆಯದಲ್ಲ. ಅದಾದ ಮೇಲೆ ಮನೆಗೊಂದು ಪಾಲಿನಂತೆ ಹಂಚಿದೆವು. ಇಬ್ಬರಿರುವ ಮನೆಯೂ ಐವರಿರುವ ಮನೆಯೂ ಅಷ್ಟೇ ಕೊಡಬೇಕೆಂದಾಗ ಇಬ್ಬರಿರುವವರು ಗೊಣಗಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ತಲೆಲೆಕ್ಕಕ್ಕೆ ಬಂದರೆ ಇನ್ನೊಂದು ಪೀಡೆ. ಮೇಲಿನವರ ಅತ್ತೆ ಮಾವ ಊರಿನಿಂದ ಬಂದು ಹದಿನೈದು ದಿನ ಇದ್ದರೆ ಅವರನ್ನು ಎಣಿಸುವುದೇ? ಬ್ಯಾಗು ಹಿಡಿದು ಮೆಟ್ಟಿಲು ಹತ್ತುವ ನೆಂಟರನ್ನು ನೀರಿನ ಲೆಕ್ಕದ ಕಣ್ಣಿನಿಂದ ನೋಡುವ ಸ್ಥಿತಿ ಯಾರಿಗೂ ಬೇಡ.

ಮೀಟರು ಇವೆಲ್ಲಕ್ಕಿಂತ ನೇರ. ಟ್ಯಾಂಕಿನಿಂದ ಪ್ರತಿ ಮನೆಗೂ ಬೇರೆ ಪೈಪು ಇಳಿದಿದ್ದರೆ ಪೈಪಿಗೊಂದು ಚಿಕ್ಕ ನೀರಿನ ಮೀಟರು ಹಾಕಿಸಿಬಿಡಿ. ನಮ್ಮಲ್ಲಿ ಮೊದಲ ಮಹಡಿಗೆ ಬೇರೆ ಪೈಪಿತ್ತು, ಎರಡನೆಯ ಮಹಡಿಯ ಎರಡೂ ಮನೆಗಳಿಗೆ ಒಂದೇ. ಗೋಡೆ ಒಡೆಯುವ ಬದಲು, ಆ ಎರಡು ಮನೆಗಳಿಗೆ ತಲೆಲೆಕ್ಕವನ್ನೇ ಇಟ್ಟು, ಕರಾರಿನಲ್ಲಿ ಬರೆದ ಜನರ ಸಂಖ್ಯೆಯನ್ನಷ್ಟೇ ಎಣಿಸುವುದು, ನೆಂಟರನ್ನು ಎಣಿಸುವುದಿಲ್ಲ ಎಂದು ತೀರ್ಮಾನಿಸಿದೆವು. ಒಂದು ತಿಂಗಳಿಗಿಂತ ಹೆಚ್ಚು ಉಳಿದರೆ ಮಾತ್ರ ಲೆಕ್ಕಕ್ಕೆ.

2024ರ ಮಾರ್ಚಿನಲ್ಲಿ ಈ ಎಲ್ಲ ವ್ಯವಸ್ಥೆಯೂ ಪರೀಕ್ಷೆಗೆ ಬಿತ್ತು. ಕೊಳವೆಬಾವಿಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. 12,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ನಿಗದಿ ಮಾಡಿತ್ತು. ಆ ದರಕ್ಕೆ ನಮ್ಮ ಬೀದಿಗೆ ಯಾರೂ ಬರಲಿಲ್ಲ. ನಾನು ನಾಲ್ಕೂ ಮನೆಯವರಿರುವ ಮೊಬೈಲ್ ಗುಂಪಿನಲ್ಲಿ 'ನೀರು ಮಿತವಾಗಿ ಬಳಸಿ' ಎಂದು ನಾಲ್ಕು ಸಲ ಸಂದೇಶ ಹಾಕಿದೆ. ಏನೂ ಬದಲಾಗಲಿಲ್ಲ. ಒಂದು ಬೆಳಿಗ್ಗೆ ಐದೂವರೆಗೆ ಸಂಪಿನ ಮುಚ್ಚಳ ಎತ್ತಿ ಬಿದಿರು ಕೋಲು ಇಳಿಸಿ ನೋಡುತ್ತಿದ್ದೆ. ಎರಡನೆಯ ಮಹಡಿಯ ಹುಡುಗ ಪಾಳಿ ಮುಗಿಸಿ ಬಂದವನು ಪಕ್ಕದಲ್ಲಿ ನಿಂತ. ಕೋಲನ್ನು ಹೊರಗೆಳೆದರೆ ಒದ್ದೆ ಗುರುತು ಒಂದು ಗೇಣೂ ಇರಲಿಲ್ಲ. 'ಇಷ್ಟೇನಾ ಆಂಟಿ?' ಎಂದ. 'ಇಷ್ಟೇ ಕಣಪ್ಪ, ನಾಳೆಯವರೆಗೆ ನಾಲ್ಕು ಮನೆಗೂ' ಎಂದೆ. ಅವನು ಆ ಕೋಲಿನ ಚಿತ್ರ ತೆಗೆದು ತಾನೇ ಗುಂಪಿಗೆ ಹಾಕಿದ. ಆ ದಿನದಿಂದ ಬಟ್ಟೆ ಒಗೆಯುವ ದಿನಗಳನ್ನು ಅವರವರೇ ಹಂಚಿಕೊಂಡರು. ಈಗಲೂ ಬೇಸಿಗೆಯಲ್ಲಿ ಕೋಲು ಗೇಟಿನ ಪಕ್ಕದಲ್ಲೇ ಇರುತ್ತದೆ, ಯಾರು ಬೇಕಾದರೂ ಇಳಿಸಿ ನೋಡಬಹುದು. ಟ್ಯಾಂಕರಿನ ರಸೀದಿಯನ್ನು ಅದೇ ದಿನ ಗುಂಪಿಗೆ ಹಾಕುತ್ತೇನೆ. ಮುಚ್ಚಿಟ್ಟ ಲೆಕ್ಕಕ್ಕೆ ಹಣ ಕೇಳುವ ಮಾಲೀಕರನ್ನು ಯಾರೂ ನಂಬುವುದಿಲ್ಲ.

ಕರೆಂಟಿನಲ್ಲಿ ಇಷ್ಟು ಯೋಚಿಸಬೇಕಿಲ್ಲ. ಮನೆಗೊಂದು ಮೀಟರು, ಬಿಲ್ಲಿನಲ್ಲಿ ಸಂಪರ್ಕವನ್ನು ಗುರುತಿಸುವ ಮನೆಗೊಂದು ಆರ್‌ಆರ್ ಸಂಖ್ಯೆ ಮಾಡಿಸಿ. ಒಂದೇ ಮೀಟರಿಗೆ ಉಪಮೀಟರು ಜೋಡಿಸಿ ಹಂಚುವುದು ಅಗ್ಗವೇನೋ ನಿಜ. ಆದರೆ 2023ರಲ್ಲಿ ಬಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಮಿತಿ ಇರುವುದು ಮೀಟರಿಗೆ. ಮೂರು ಮನೆ ಒಂದೇ ಮೀಟರಿನಲ್ಲಿದ್ದರೆ ಮಿತಿ ದಾಟಿ ಎಲ್ಲರೂ ಕಳೆದುಕೊಳ್ಳುತ್ತಾರೆ. ಬಾಡಿಗೆದಾರರಿಗೂ ಆ ಯೋಜನೆಯ ಹಕ್ಕಿದೆ. ಅದನ್ನು ನಮ್ಮ ಅನುಕೂಲಕ್ಕಾಗಿ ತಪ್ಪಿಸುವುದು ತಪ್ಪು.

ಬಾಡಿಗೆ ತಡವಾದಾಗ

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಮೊದಲ ಮಹಡಿಯವರು ಒಮ್ಮೆ 12ನೇ ತಾರೀಖಾದರೂ ಬಾಡಿಗೆ ಕೊಟ್ಟಿರಲಿಲ್ಲ. ಸಂಜೆ ಮೆಟ್ಟಿಲಲ್ಲಿ ಸಿಕ್ಕರು. ಅವರ ಒಂದು ಕೈಯಲ್ಲಿ ತರಕಾರಿ ಚೀಲ, ಹೆಗಲ ಮೇಲೆ ನಿದ್ದೆ ಹೋದ ಮಗು, ಹಿಂದೆ ಅವರ ನಾದಿನಿ. 'ಈ ತಿಂಗಳದ್ದು ಇನ್ನೂ ಬಂದಿಲ್ಲವಲ್ಲ' ಎಂದು ಕೇಳಿಬಿಟ್ಟೆ. ಆ ಹೆಣ್ಣುಮಗಳು ಏನೂ ಹೇಳಲಿಲ್ಲ. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮೇಲೆ ಹೋದರು. ಅರ್ಧ ಗಂಟೆಯೊಳಗೆ ಹಣ ಬಂತು. ಆಮೇಲೆ ಸುಮಾರು ಎರಡು ತಿಂಗಳು ಅವರು ನನ್ನ ಕಣ್ಣಿಗೆ ಬೀಳದಂತೆ ಓಡಾಡಿದರು. ಹಣ ಕೇಳಿದ್ದು ತಪ್ಪಾಗಿರಲಿಲ್ಲ, ಕೇಳಿದ ಜಾಗ ತಪ್ಪಾಗಿತ್ತು.

ದಾರಿಗಳನ್ನು ನೋಡೋಣ. ಸುಮ್ಮನೆ ಕಾಯುವುದು ಒಂದು. ಇದು ಒಳ್ಳೆಯತನದಂತೆ ಕಾಣುತ್ತದೆ, ಒಳಗೆ ಸಿಟ್ಟು ಕಟ್ಟಿಕೊಳ್ಳುತ್ತದೆ, ಒಂದು ದಿನ ಬೇರೆ ಯಾವುದೋ ನೆಪದಲ್ಲಿ ಒಡೆಯುತ್ತದೆ. ದಿನಕ್ಕಿಷ್ಟು ದಂಡ ಹಾಕುವುದು ಇನ್ನೊಂದು. ದೂರದ ಮಾಲೀಕರಿಗೆ ಸರಿಯಿರಬಹುದು, ಒಂದೇ ಮನೆಯಲ್ಲಿ ಅದು ವಿಷ. ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಕೇಳಲು ಸುಲಭ. ಆದರೆ ಒಮ್ಮೆ ಒಪ್ಪಿಕೊಂಡರೆ ಎರಡನೆಯ ಸಲವೂ ಹಾಗೆಯೇ ಆಗುತ್ತದೆ. ಕೊನೆಗೆ ಮನೆ ಬಿಡುವಾಗ ಕೈಯಲ್ಲಿ ಏನೂ ಇರುವುದಿಲ್ಲ. ಅವರು ಮನೆ ಬಿಡುವ ಕಡೆಯ ತಿಂಗಳಲ್ಲಿ ಮಾತ್ರ ನಾನು ಇದಕ್ಕೆ ಒಪ್ಪುತ್ತೇನೆ.

ಉಳಿದದ್ದು ಗೊತ್ತಾದ ತಾರೀಖು, ಗೊತ್ತಾದ ಕ್ರಮ. ನಮ್ಮಲ್ಲಿ 5ನೇ ತಾರೀಖು ಕಡೆಯ ದಿನ. 6ರಂದು ಆ ಮನೆಯವರಿಗೆ ಮಾತ್ರ ಒಂದು ಸಾಲಿನ ಸಂದೇಶ. ಗುಂಪಿನಲ್ಲಿ ಎಂದಿಗೂ ಇಲ್ಲ. 10ರವರೆಗೆ ಉತ್ತರ ಬಾರದಿದ್ದರೆ 'ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಬರುತ್ತೀರಾ?' ಎಂದು ಕರೆದು, ಕೂರಿಸಿ, ಕಾಫಿ ಕೊಟ್ಟು ಕೇಳುವುದು. ಕೆಲಸ ಹೋಗಿದೆ ಎಂದಾದರೆ ಎರಡು ಕಂತು ಮಾಡಿ ತಾರೀಖು ಬರೆದುಕೊಳ್ಳುವುದು. ಕಂತೂ ತಪ್ಪಿದರೆ, ಮುಂದಿನ ಮಾತು ಬಾಡಿಗೆಯದ್ದಲ್ಲ, ಮನೆ ಬಿಡುವುದರದ್ದು. ಹೀಗೆ ಮಾಡಿದ ಮೇಲೆ ಮೆಟ್ಟಿಲಲ್ಲಿ ಹಣದ ಮಾತು ಬಂದದ್ದೇ ಇಲ್ಲ.

ಇದರ ಜೊತೆಗೇ ಒಂದು: ಮನೆಯಲ್ಲಿ ಬಾಡಿಗೆಯವರೊಂದಿಗೆ ವ್ಯವಹಾರ ಮಾತನಾಡುವವರು ಒಬ್ಬರೇ ಇರಬೇಕು. ಬೆಕ್ಕು ಸಾಕಿಕೊಳ್ಳಬಹುದೇ ಎಂದು ಮೇಲಿನವರು ನನ್ನನ್ನು ಕೇಳಿದರು. ಬೇಡ ಎಂದೆ. ಅಮ್ಮನನ್ನು ಕೇಳಿದರು. ಅಮ್ಮ 'ಸಾಕಿಕೊಳ್ಳಿ ಮಗೂ, ಅದಕ್ಕೇನು' ಎಂದರು. ಬೆಕ್ಕು ಬಂತು, ಈಗ ಅದು ನಮ್ಮ ಮನೆಯಲ್ಲೇ ಹೆಚ್ಚಾಗಿ ಇರುತ್ತದೆ. ಬೆಕ್ಕಿನಿಂದ ತೊಂದರೆಯಾಗಲಿಲ್ಲ. ಬಾಡಿಗೆ ಏರಿಸುವ ಮಾತಿನಲ್ಲಿ ಹೀಗಾಗಿದ್ದರೆ ತೊಂದರೆ ಆಗುತ್ತಿತ್ತು.

ರಿಪೇರಿ ಯಾರದು, ಒಳಗೆ ಹೋಗುವುದು ಯಾವಾಗ?

ಎಲ್ಲವನ್ನೂ ಮಾಲೀಕರೇ ಮಾಡಿಸುವುದು, ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳುವುದು, ಒಂದು ಮೊತ್ತದವರೆಗೆ ಅವರು, ಅದಕ್ಕೆ ಮೇಲೆ ನಾವು: ಈ ಮೂರು ಪದ್ಧತಿಗಳಿವೆ. ಒಂದೇ ಕಟ್ಟಡದಲ್ಲಿದ್ದರೆ ಮೊದಲನೆಯದಕ್ಕೆ ಒಂದು ಒಳ್ಳೆಯ ಕಾರಣವಿದೆ: ಮೇಲಿನ ಮನೆಯ ಸೋರಿಕೆ ಕೊನೆಗೆ ಇಳಿಯುವುದು ನಮ್ಮ ಗೋಡೆಗೇ. ಹಾಗಾಗಿ ಸಣ್ಣಪುಟ್ಟದ್ದನ್ನು ಬಿಟ್ಟು ಉಳಿದದ್ದನ್ನು ನಾವೇ ಮಾಡಿಸುತ್ತೇವೆ. ನಲ್ಲಿಯ ವಾಷರು, ಬಲ್ಬು, ಕಟ್ಟಿಕೊಂಡ ಸಿಂಕು ಅವರದು. ಪೈಪು, ವೈರಿಂಗು, ಬಾಗಿಲು ಕಿಟಕಿ ನಮ್ಮದು. ಇದನ್ನು ಕರಾರಿನಲ್ಲಿ ಎರಡು ಸಾಲಿನಲ್ಲಿ ಬರೆದಿದ್ದೇನೆ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಮೊದಲ ಮಹಡಿಯ ಅಡುಗೆಮನೆಯ ಚಾವಣಿಯಲ್ಲಿ ಅಂಗೈಯಗಲದ ಕಲೆ ಕಂಡಾಗ 'ಮಳೆ ನಿಂತ ಮೇಲೆ ನೋಡೋಣ' ಎಂದೆ. ಮಳೆ ನಿಂತಿತು, ಕಲೆ ತಟ್ಟೆಯಗಲವಾಯಿತು, ಸುಣ್ಣ ಪದರು ಪದರಾಗಿ ಒಲೆಯ ಮೇಲೆ ಉದುರತೊಡಗಿತು. ಪ್ಲಂಬರ್ ಬಂದು ಮೇಲಿನ ಬಚ್ಚಲನ್ನು ಒಂದು ದಿನ ಒಣಗಿಸಿ, ಮರುದಿನ ನೀರು ನಿಲ್ಲಿಸಿ ನೋಡಿದ. ಬಚ್ಚಲ ನೀರು ಹೊರಹೋಗುವ ನಾನಿ ಟ್ರ್ಯಾಪಿನ ಸುತ್ತಲಿನ ಸಿಮೆಂಟು ಬಿರುಕು ಬಿಟ್ಟಿತ್ತು. ಅಷ್ಟು ಹೊತ್ತಿಗೆ ಚಾವಣಿಗೂ ಗಾರೆ ಮಾಡಿಸಬೇಕಾಯಿತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ಆ ಸಂಸಾರ ಹಾಗೆ ಮಾಡಿದ್ದರೂ ನಾನು ಆಕ್ಷೇಪಿಸುವಂತಿರಲಿಲ್ಲ.

ರಿಪೇರಿಯ ನೆಪದಲ್ಲಿ ಅವರ ಮನೆಯೊಳಗೆ ನುಗ್ಗುವುದು ಬೇರೆಯೇ ವಿಷಯ. 'ನಮ್ಮ ಮನೆ ತಾನೆ' ಎಂಬ ಭಾವನೆ ಕೆಳಗೆ ವಾಸಿಸುವವರಿಗೆ ಬಲು ಬೇಗ ಬರುತ್ತದೆ. ಬಾಡಿಗೆಗೆ ಕೊಟ್ಟ ಮೇಲೆ ಅದು ಅವರ ವಾಸದ ಜಾಗ. ಮಾದರಿ ಕಾಯ್ದೆ 24 ಗಂಟೆ ಮೊದಲು ತಿಳಿಸಬೇಕು, ಸೂರ್ಯೋದಯಕ್ಕೆ ಮೊದಲೂ ಸೂರ್ಯಾಸ್ತದ ನಂತರವೂ ಹೋಗಬಾರದು ಎನ್ನುತ್ತದೆ. ಇಲ್ಲಿ ಅದು ಕಡ್ಡಾಯವಾಗದಿದ್ದರೂ ನಾನು ಪಾಲಿಸುತ್ತೇನೆ. ಅವರ ಮನೆಯ ಇನ್ನೊಂದು ಬೀಗದಕೈ ಲಕೋಟೆಯಲ್ಲಿದೆ, ಅಂಟಿಸಿದ ಜಾಗದ ಮೇಲೆ ಇಬ್ಬರ ಸಹಿಯೂ ಇದೆ. ಗ್ಯಾಸ್ ಸೋರಿದಂಥ ತುರ್ತಿಗೆ ಬಿಟ್ಟು ಅದನ್ನು ಹರಿಯುವುದಿಲ್ಲ. ಸಿಸಿಟಿವಿ ಕ್ಯಾಮೆರಾ ಗೇಟಿನ ಕಡೆ ನೋಡಬೇಕು, ಅವರ ಬಾಗಿಲಿನ ಕಡೆ ಅಲ್ಲ.

ಸದ್ದಿನ ಬಗ್ಗೆ ಒಂದೇ ಮಾತು. ಕೆಳಗಿನಿಂದ ಕೋಲಿನಲ್ಲಿ ಚಾವಣಿ ಕುಟ್ಟುವವರಿದ್ದಾರೆ. ನಾನು ಅವರ ಕುರ್ಚಿಗಳ ಕಾಲಿಗೆ ಹಾಕಲು ರಬ್ಬರ್ ಬುಷ್ ಕೊಂಡುಕೊಟ್ಟೆ. ನೂರು ಚಿಲ್ಲರೆ ರೂಪಾಯಿಯಲ್ಲಿ ಮುಗಿಯಿತು. ಮಕ್ಕಳು ಓಡಾಡುವ ಸದ್ದನ್ನು ಸಹಿಸಿಕೊಳ್ಳಬೇಕು.

ಬಿಡಿಸಲೇಬೇಕಾದರೆ

ಮೊದಲ ದಾರಿ ಮಾತು, ಎರಡನೆಯದು ಲಿಖಿತ ನೋಟಿಸು, ಮೂರನೆಯದು ನ್ಯಾಯಾಲಯ. ನಾಲ್ಕನೆಯದೊಂದನ್ನು ಬೀದಿಯಲ್ಲಿ ಸಲಹೆ ಕೊಡುವವರಿದ್ದಾರೆ: ನೀರು ನಿಲ್ಲಿಸಿ, ಫ್ಯೂಸು ಕೀಳಿ, ಬೀಗ ಹಾಕಿ. ದಯವಿಟ್ಟು ಆ ಕಡೆ ಹೋಗಬೇಡಿ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮರಳಿ ಮನೆ ಸೇರಬಹುದು. ಮೇಲೆ ಸಣ್ಣ ಮಕ್ಕಳಿರುವಾಗ ನೀರು ನಿಲ್ಲಿಸಿ ಕೆಳಗೆ ನಾವು ಹೇಗೆ ಊಟ ಮಾಡುವುದು?

ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ಈಗಿನ ಹೆಚ್ಚಿನ ಮನೆಗಳಿಗೆ ಅನ್ವಯಿಸುವುದು ಸ್ವತ್ತು ವರ್ಗಾವಣೆ ಕಾಯ್ದೆಯೇ. ಅದರ 106ನೇ ಕಲಮಿನಂತೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಸಾಕು. ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದೇ ನಡೆಯುತ್ತದೆ. ನಾನು ಎರಡು ತಿಂಗಳು ಬರೆಯುತ್ತೇನೆ, ಎರಡೂ ಕಡೆಯವರಿಗೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಪರೀಕ್ಷೆ ಮುಗಿಯುವವರೆಗೆ ತಡೆಯುತ್ತೇನೆ. ಒಮ್ಮೆ ಹಾಗೆ ಮಾಡಿದ್ದರಿಂದ ನೋಟಿಸೇ ಬೇಕಾಗಲಿಲ್ಲ, ಏಪ್ರಿಲಿನಲ್ಲಿ ಅವರೇ ಮನೆ ಹುಡುಕಿಕೊಂಡು ಹೋದರು.

ಮನೆ ಬಿಡುವ ದಿನ ಸುಣ್ಣ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿನ ರೂಢಿ. ಒಂದು ವರ್ಷದಲ್ಲೇ ಹೋದರೆ ಬಣ್ಣದವರ ಬಿಲ್ಲಿನಷ್ಟನ್ನೇ ಕಳೆಯುತ್ತೇನೆ. ಎರಡು ವರ್ಷ ದಾಟಿದರೆ ಏನೂ ಕಳೆಯುವುದಿಲ್ಲ. ಇದ್ದವರ ಮನೆಯ ಗೋಡೆ ಮಾಸುವುದು ಸಹಜ. ಬಂದ ದಿನ ತೆಗೆದ ಚಿತ್ರಗಳನ್ನು ಇಬ್ಬರೂ ಒಟ್ಟಿಗೆ ನೋಡುತ್ತೇವೆ, ಕರೆಂಟಿನ ಮೀಟರಿನ ಅಂಕಿಯನ್ನು ಬರೆದುಕೊಳ್ಳುತ್ತೇವೆ, ಸಾಮಾನಿನ ಗಾಡಿ ಗೇಟು ದಾಟುವ ಮೊದಲು ಅಡ್ವಾನ್ಸ್ ಅವರ ಖಾತೆಗೆ ಸೇರಿರುತ್ತದೆ.

ಹೋಗುವವರು ತಮ್ಮ ಗೃಹಜ್ಯೋತಿ ನೋಂದಣಿಯನ್ನು ಆ ಆರ್‌ಆರ್ ಸಂಖ್ಯೆಯಿಂದ ಬಿಡಿಸಿಕೊಂಡೇ ಹೋಗುವಂತೆ ನೋಡಿಕೊಳ್ಳಿ. ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅದಕ್ಕೆ ವ್ಯವಸ್ಥೆ ಇದೆ, ಹತ್ತು ನಿಮಿಷದ ಕೆಲಸ. ನಾವು ಒಮ್ಮೆ ಮರೆತೆವು. ಹೊಸದಾಗಿ ಬಂದವರು ಅರ್ಜಿ ಹಾಕಲಾಗದೆ, ಹಳಬರು ಊರಿನಿಂದ ಫೋನೆತ್ತುವವರೆಗೆ ಎರಡು ತಿಂಗಳು ಪೂರ್ತಿ ಬಿಲ್ಲು ಕಟ್ಟಿದರು. ತಪ್ಪು ನಮ್ಮದಾದ್ದರಿಂದ ಅಷ್ಟನ್ನೂ ಅವರ ಬಾಡಿಗೆಯಲ್ಲಿ ಕಳೆದೆವು.